ಎರಡನೇ ಪಿಟೀಲು ಯಾರು ನುಡಿಸುತ್ತಾರೆ?

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನಿಂತವರಿಗೆ ಕಂಡಕ್ಟರ್ ಅಂದರೆ ಕಣ್ಣಿಗೆ ಬರುವುದು ಹೆಗಲಿಗೆ ಚೀಲ ಹಾಕಿಕೊಂಡು ‘ರೈಟ್ ರೈಟ್’ ಅನ್ನುವವರು. ವಾದ್ಯವೃಂದದ ಎದುರು ಕಡ್ಡಿ ಹಿಡಿದು ನಿಲ್ಲುವ ಕಂಡಕ್ಟರ್‌ಗೆ ನಮ್ಮ ಮಾತಿನಲ್ಲಿ ಬೇರೆ ಹೆಸರು ಇನ್ನೂ ನೆಲೆಯೂರಿಲ್ಲ. ಹೋಲಿಕೆಯೇನೂ ಕೆಟ್ಟದ್ದಲ್ಲ. ಬಸ್ಸಿನವರು ಸ್ಟೀರಿಂಗ್ ಮುಟ್ಟುವುದಿಲ್ಲ, ಇವರು ಒಂದು ಸ್ವರವನ್ನೂ ನುಡಿಸುವುದಿಲ್ಲ. ಆದರೆ ಇವರು ಹೇಳದೆ ಗಾಡಿ ಹೊರಡುವುದಿಲ್ಲ.

ಪಾಶ್ಚಾತ್ಯ ಸಂಗೀತದ ಗೆಳೆಯರು ಸೇರಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಬೆಂಗಳೂರಿನಿಂದ ಜುಬಿನ್ ಮೆಹ್ತಾನಂಥ ಕಂಡಕ್ಟರ್ ಯಾವಾಗ ಹುಟ್ಟಿ ಬರುತ್ತಾನೆ? ಈ ‘ಹುಟ್ಟಿ ಬರುವ’ ಲೆಕ್ಕಾಚಾರದಲ್ಲೇ ಏನೋ ಎಡವಟ್ಟಿದೆ ಅಂತ ನನಗನ್ನಿಸುತ್ತದೆ.

ನಮ್ಮ ಆರ್.ಟಿ. ನಗರದ ಎದುರು ಮನೆಯ ಹುಡುಗಿ ಸಂಜೆ ಪಿಟೀಲು ಅಭ್ಯಾಸ ಮಾಡುತ್ತಾಳೆ. ಅವಳಿಗೆ ಬೇಕಾದದ್ದು ಒಂದು ಪಿಟೀಲು, ಒಂದು ಕೋಣೆ, ಸಹಿಸಿಕೊಳ್ಳುವ ನೆರೆಹೊರೆ. ಕಂಡಕ್ಟರ್ ಆಗಬೇಕೆಂದವನು ಮನೆಯಲ್ಲಿ ಏನನ್ನು ಅಭ್ಯಾಸ ಮಾಡಬೇಕು? ಅವನ ವಾದ್ಯ ಎಂಬತ್ತು ಜನ. ಸ್ವರಲಿಪಿಯನ್ನು ಮನೆಯಲ್ಲಿ ಓದಬಹುದು, ಕನ್ನಡಿಯ ಮುಂದೆ ಕೈ ಆಡಿಸಬಹುದು. ಕನ್ನಡಿ ತಪ್ಪು ನುಡಿಸುವುದಿಲ್ಲವಲ್ಲ!

ಮೆಹ್ತಾ ಅವರದೇ ಕಥೆ ನೋಡಿ. 1936ರಲ್ಲಿ ಮುಂಬಯಿಯಲ್ಲಿ ಮಗು ಹುಟ್ಟುವ ಮೊದಲೇ, 1935ರಲ್ಲಿ, ತಂದೆ ಮೆಹ್ಲಿ ಮೆಹ್ತಾ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿಯಾಗಿತ್ತು. 1954ರಲ್ಲಿ ವಿಯೆನ್ನಾಕ್ಕೆ ಹೋಗಿ ಹ್ಯಾನ್ಸ್ ಸ್ವಾರೋವ್‌ಸ್ಕಿಯ ಬಳಿ ಕಲಿತರು. ದೊಡ್ಡವರ ತಾಲೀಮು ನೋಡಲು ಹೊರಗಿನವರಿಗೆ ಬಿಡುತ್ತಿರಲಿಲ್ಲ. ಅದಕ್ಕೆ ಅವರೂ ಸಹಪಾಠಿ ಕ್ಲಾಡಿಯೋ ಅಬ್ಬಾಡೋನೂ ಗಾಯಕವೃಂದಕ್ಕೆ ಸೇರಿಕೊಂಡರು. ಹಿಂದಿನ ಸಾಲಿನಲ್ಲಿ ಹಾಡುತ್ತ ಮುಂದಿನ ಕಡ್ಡಿಯನ್ನೇ ನೋಡುತ್ತಿದ್ದರು. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದ ಮೇಲೆ ಬದಲಿಯಾಗಿ ನಿಂತ ಅವಕಾಶಗಳು, 1961ರಲ್ಲಿ ಮಾಂಟ್ರಿಯಲ್, ಮರುವರ್ಷವೇ ಲಾಸ್ ಏಂಜಲೀಸ್. ಪ್ರತಿಭೆ ಇಲ್ಲದೆ ಇದೆಲ್ಲ ಆಗುವುದಿಲ್ಲ, ಒಪ್ಪಿದೆ. ಆದರೆ ಬಾಲ್ಯದಿಂದ ಹಿಡಿದು ಪ್ರತಿ ಮೆಟ್ಟಿಲಲ್ಲೂ ಯಾರೋ ಮೊದಲೇ ಬಂದು ಕುರ್ಚಿ ಹಾಕಿ ಕೂತಿದ್ದರು.

ನಮ್ಮ ಬಡಾವಣೆಗೆ ಅಂಟಿಕೊಂಡೇ ಇರುವ ಜೆ.ಸಿ. ನಗರದ ಹೆಸರಿನಲ್ಲಿ ಇದಕ್ಕೆ ಇನ್ನೂ ವಿಚಿತ್ರವಾದ ಸಾಕ್ಷಿಯಿದೆ. ಜಯಚಾಮರಾಜೇಂದ್ರ ಒಡೆಯರು ಪಿಯಾನೋ ಕಲಿತವರು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ವಾಲ್ಟರ್ ಲೆಗ್ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ಆಗಿನ್ನೂ ಮೂರು ವರ್ಷದ ಕೂಸು. ಅದು ತನ್ನ ಕಾಲ ಮೇಲೆ ನಿಂತದ್ದರಲ್ಲಿ ಮೈಸೂರಿನ ದುಡ್ಡಿಗೆ ದೊಡ್ಡ ಪಾಲಿದೆ. ಯುದ್ಧಾನಂತರದ ನಿಷೇಧ ಕಳೆದು ಹೊರಬಂದ ಕಂಡಕ್ಟರ್ ಕಾರಾಯಾನ್‌ಗೆ ಅದೇ ವೃಂದ ನೆಲೆಯಾಯಿತು. ಮಹಾರಾಜರು ಕೇಳಬಯಸಿದ ಬಾಲಕಿರೆವ್, ರೂಸೆಲ್‌ರ ಸಿಂಫನಿಗಳನ್ನು ಕಾರಾಯಾನ್ ಅಲ್ಲೇ ಧ್ವನಿಮುದ್ರಿಸಿದರು. 1955ರ ಹೊತ್ತಿಗೆ ಬರ್ಲಿನ್ ಫಿಲ್‌ಹಾರ್ಮೋನಿಕ್ ಅವರ ಕೈಯಲ್ಲಿತ್ತು. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಮೊದಲ ಸಲ ಕೇಳಿಬಂದದ್ದಕ್ಕೂ ಮೈಸೂರೇ ಆಸರೆ.

ಇಪ್ಪತ್ತನೇ ಶತಮಾನದ ಅತಿ ಪ್ರಸಿದ್ಧ ಕಂಡಕ್ಟರ್ ಮೇಲೇಳುವಾಗ ಒಂದು ಮೆಟ್ಟಿಲು ಹಾಕಿದ್ದು ಹೀಗೆ ನಾವೇ. ಇಲ್ಲಿ ಮಾತ್ರ ಅಂಥ ಮೆಟ್ಟಿಲು ಬೀಳಲಿಲ್ಲ. ದೊರೆಯನ್ನು ದೂರಲು ನನಗೆ ಮನಸ್ಸಿಲ್ಲ. ಅರಮನೆಗೆ ತನ್ನದೇ ಬ್ಯಾಂಡ್ ಇತ್ತು, ದಸರೆಯಲ್ಲಿ ಇಂದಿಗೂ ಪೊಲೀಸ್ ಬ್ಯಾಂಡ್ ನುಡಿಸುತ್ತದೆ. ಆದರೆ ದುಡ್ಡು ಹೋಗಿ ಸೇರುವುದು ಜನ ಆಗಲೇ ಕೂಡಿ ಕೂತ ಕಡೆಗೆ.

ನಮಗೆ ಇದೆಲ್ಲ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಕಚೇರಿಯಲ್ಲಿ ತಾಳ ಎಲ್ಲರ ಸ್ವತ್ತು. ಮುಂದಿನ ಸಾಲಿನ ಅಜ್ಜನೂ ತೊಡೆ ತಟ್ಟಿ ಲೆಕ್ಕ ಇಟ್ಟಿರುತ್ತಾನೆ. ಅದನ್ನು ಒಬ್ಬನ ಕೈಗೆ ಒಪ್ಪಿಸುವ ಅಗತ್ಯವೇ ಬರಲಿಲ್ಲ. ಒಪ್ಪಿಸಿದ್ದು ಯಕ್ಷಗಾನದಲ್ಲಿ. ಭಾಗವತನನ್ನು ಒಂದನೇ ವೇಷ ಅನ್ನುವುದು ಸುಮ್ಮನೆ ಅಲ್ಲ. ಪದ ಎತ್ತುವುದು, ಬಿಡುವುದು, ಕುಣಿತ ಹಿಗ್ಗಿಸುವುದು, ಸೊರಗಿದ ಪ್ರಸಂಗವನ್ನು ಮೊಟಕು ಮಾಡುವುದು ಎಲ್ಲ ಅವನದೇ. ಆದರೂ ಅವನು ಹಾಡುತ್ತಾನೆ, ಸಭೆಗೆ ಮುಖ ಮಾಡಿ ಕೂರುತ್ತಾನೆ. ಸಭೆಗೆ ಬೆನ್ನು ಹಾಕಿ, ತಾನು ಸದ್ದು ಮಾಡದೆ ಮರ್ಯಾದೆ ಪಡೆಯುವ ಕಲಾವಿದ ನಮಗೆ ಅಪರಿಚಿತ. ಭಾಗವತನೂ ಮೇಳವಿಲ್ಲದೆ ಭಾಗವತನಾಗಲಿಲ್ಲ ಎನ್ನುವುದನ್ನು ಮರೆಯಬಾರದು. ಎಷ್ಟೋ ರಾತ್ರಿ ಮೇಳದ ಜೊತೆ ತಿರುಗಿಯೇ ಆ ಆಸನ ಸಿಕ್ಕಿದ್ದು.

ದಕ್ಷಿಣದಲ್ಲಿ ಹತ್ತಾರು ಪಿಟೀಲುಗಳು ನಿತ್ಯ ಒಟ್ಟಿಗೆ ಕೂತದ್ದು ಮದರಾಸಿನ ಸಿನಿಮಾ ಸ್ಟುಡಿಯೋಗಳಲ್ಲಿ. ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕನಾಗಿ ಕನ್ನಡ ಹಾಡುಗಳಿಗೆ ದುಡಿದ ಇಳಯರಾಜರ ಸಿಂಫನಿ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ನುಡಿಯಿತು. ಕೀಬೋರ್ಡು ಬಂದ ಮೇಲೆ ಸ್ಟುಡಿಯೋದ ಆ ಕುರ್ಚಿಗಳು ಖಾಲಿಯಾದವು. ಇನ್ನೊಬ್ಬ ಇಳಯರಾಜ ಯಾಕಿಲ್ಲ ಅಂತ ಈಗ ಕೇಳುತ್ತೇವೆ.

ನಿರುಪಮಾ ರಾವ್ ಮತ್ತು ಸುಧಾಕರ ರಾವ್ ದಂಪತಿ ಬೆಂಗಳೂರಿನಿಂದ ಕಟ್ಟಿದ ಸೌತ್ ಏಷ್ಯನ್ ಸಿಂಫನಿ ಆರ್ಕೆಸ್ಟ್ರಾ 2019ರಲ್ಲಿ ಮುಂಬಯಿಯಲ್ಲಿ ಮೊದಲ ಕಚೇರಿ ಕೊಟ್ಟಾಗ ಕಡ್ಡಿ ಹಿಡಿದವರು ಅಮೆರಿಕದ ವಿಶ್ವ ಸುಬ್ಬರಾಮನ್. ದೇಶದೇಶಗಳಿಂದ ಬಂದವರು ಸೇರುತ್ತಾರೆ, ಚದುರುತ್ತಾರೆ. ಅದು ಸಣ್ಣ ಕೆಲಸವಲ್ಲ, ಆದರೆ ವಾರವಾರದ ಸಂತೆಯ ಜಾಗವನ್ನು ಜಾತ್ರೆ ತುಂಬಲಾರದು. ಆ ಸಂತೆಯ ಕಡೆಗಿನ ದಾರಿ ಅರುಣಾ ಸುಂದರಲಾಲ್ 1987ರಲ್ಲಿ ಆರಂಭಿಸಿದ, ಆರ್.ಟಿ. ನಗರದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಕಡೆ ಇದೆ. ತೊಡಕಿರುವುದು ನಮ್ಮ ಮನೆಗಳಲ್ಲಿ. ಗ್ರೇಡ್ ಪರೀಕ್ಷೆ ಒಬ್ಬೊಬ್ಬರದು, ಸರ್ಟಿಫಿಕೇಟಿಗೆ ಚೌಕಟ್ಟು. ವೃಂದದಲ್ಲಿ ಎರಡನೇ ಪಿಟೀಲಿಗೆ ಮಗುವನ್ನು ಕೂರಿಸಿದರೆ ‘ಯಾಕೆ, ನಮ್ಮವಳಿಗೆ ಬರಲ್ವಾ?’ ಅನ್ನುವ ಮುಖ.

ಎದುರು ಮನೆ ಹುಡುಗಿ ಈಗ ವಯೋಲಾ ಹಿಡಿದಿದ್ದಾಳೆ. ಅದನ್ನು ನುಡಿಸುವವರೇ ಇಲ್ಲ ಅಂತ ಮೇಷ್ಟ್ರು ಕೇಳಿಕೊಂಡರಂತೆ. ಅವಳ ಅಜ್ಜಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ‘ಅದರಲ್ಲಿ ಒಬ್ಬಳೇ ನುಡಿಸಿದರೆ ಕೇಳೋ ಹಾಗಿರುತ್ತಾ?’ ಅಂದರು. ಜೊತೆಯಿದ್ದರೆ ಚೆನ್ನ ಅಂದೆ. ‘ಯಲಹಂಕದಿಂದ ಒಬ್ಬ ಹುಡುಗ ಬರ್ತಾನಂತೆ, ಶನಿವಾರ ಶನಿವಾರ’ ಅಂದ ಅಜ್ಜಿ ಸ್ವಲ್ಪ ತಡೆದು ಸೇರಿಸಿದರು, ‘ಬಸ್ಸು ಸಿಕ್ಕರೆ.’