ಸೇವೆಯೂ ವಿವೇಕವೂ

ಆಸ್ಪತ್ರೆಯ ದಾದಿಯನ್ನು ಹೊಗಳಬೇಕಾದಾಗ ನಾವು ಸಾಮಾನ್ಯವಾಗಿ ಬಳಸುವ ಮಾತುಗಳು ಮೂರು: ಸೇವೆ, ಸಹನೆ, ಕರುಣೆ. ಮಾತುಗಳೇನೋ ದೊಡ್ಡವೇ. ಆದರೆ ಈ ಹೊಗಳಿಕೆಯಲ್ಲಿ ಒಂದು ಅನ್ಯಾಯವೂ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ವೈದ್ಯರನ್ನು ಕುರಿತು ಮಾತನಾಡುವಾಗ ಅವರ ವಿದ್ಯೆಯನ್ನೂ ಬುದ್ಧಿಯನ್ನೂ ಕೊಂಡಾಡುವ ನಾವು, ದಾದಿಯ ವಿಷಯ ಬಂದಾಗ ಹೃದಯದ ಮಾತನ್ನಷ್ಟೇ ಆಡಿ ಸುಮ್ಮನಾಗುತ್ತೇವೆ. ಆಲೋಚಿಸುವ ಕೆಲಸ ವೈದ್ಯರದು, ಹೇಳಿದ್ದನ್ನು ಮಾಡುವ ಕೆಲಸ ದಾದಿಯದು ಎಂದು ನಮ್ಮ ಎಣಿಕೆ. ಕಳೆದ ವರ್ಷದವರೆಗೆ ನನ್ನ ಎಣಿಕೆಯೂ ಅದೇ ಆಗಿತ್ತು. ಅದು ತಪ್ಪೆಂದು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ರಾತ್ರಿ ನಾನೇ ಆಡಿದ ಒರಟು ಮಾತಿನಿಂದ.

ನನ್ನ ತಾತನವರು ಹಿತ್ತಿಲಲ್ಲಿ ಕಾಲುಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಗ ಅವರಿಗೆ 74 ವರ್ಷ. ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಮೂರನೆಯ ರಾತ್ರಿ ಅವರ ಬಳಿ ಇರುವ ಸರದಿ ನನ್ನದು. ನಡುರಾತ್ರಿ ಕಳೆದ ಮೇಲೆ ತಾತ ಹೊರಳಾಡತೊಡಗಿದರು. ಹೊದಿಕೆಯನ್ನು ಕಿತ್ತೆಸೆದರು. "ಕರೂಗೆ ಹಾಲು ಬಿಟ್ರಾ?" ಎಂದು ಮತ್ತೆ ಮತ್ತೆ ಕೇಳಿದರು. ನಮ್ಮ ಮನೆಯಲ್ಲಿ ದನಕರುಗಳಿಲ್ಲದೆ ಹತ್ತು ವರ್ಷವಾಗಿದೆ. ಪಕ್ಕದ ಮಂಚದವರು ಎದ್ದು ಗೊಣಗಿದರು. ನಾನು ದಾದಿಯ ಬಳಿಗೆ ಹೋಗಿ, "ಸಿಸ್ಟರ್, ಒಂದು ನಿದ್ದೆ ಇಂಜೆಕ್ಷನ್ ಕೊಟ್ಬಿಡಿ, ಎಲ್ಲರೂ ಮಲಗಲಿ" ಎಂದೆ.

ಆಕೆ ಬಂದರು, ಇಂಜೆಕ್ಷನ್ ತರಲಿಲ್ಲ. ತಾತನ ಕೈ ಹಿಡಿದು, "ತಾತಾ, ಇದು ಯಾವ ಜಾಗ ಹೇಳಿ?" ಎಂದರು. ತಾತ "ಕೊಟ್ಟಿಗೆ" ಎಂದರು. ಆಕೆ ನನ್ನ ಕಡೆ ತಿರುಗಿ, "ಮನೇಲೂ ರಾತ್ರಿ ಹೊತ್ತು ಹೀಗೆ ಮಾತಾಡೋರೇನಪ್ಪ?" ಎಂದು ಕೇಳಿದರು. ಇಲ್ಲವೆಂದೆ. ಆಮೇಲೆ ಕೈಗಡಿಯಾರವನ್ನೂ ತಾತನ ಎದೆಯನ್ನೂ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನೆ ನಿಂತರು. ನನಗೆ ಸಿಟ್ಟು ಬಂದಿತು. "ಹೀಗೆ ನಿಂತ್ರೆ ಆಯ್ತಾ? ನಿಮ್ಮ ಕೈಲಾಗದಿದ್ರೆ ಬೇರೆಯವರನ್ನ ಕರೀರಿ" ಎಂದುಬಿಟ್ಟೆ. ಆಕೆ ಉತ್ತರ ಕೊಡಲಿಲ್ಲ. ಉಸಿರು 28, ನಾಡಿ 112 ಎಂದು ಬರೆದುಕೊಂಡರು. ಜ್ವರವಿರಲಿಲ್ಲ, ರಕ್ತದೊತ್ತಡವೂ ಸರಿಯಾಗಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕ ಶೇಕಡ 94 ಎಂದು ತೋರಿಸಿತು. ಮಂಚದ ತಲೆಯ ಭಾಗವನ್ನು ಎತ್ತರಿಸಿ, ವೈದ್ಯರಿಗೆ ಫೋನು ಮಾಡಿದರು. ಬೆಳಿಗ್ಗೆ ನೋಡೋಣವೆಂಬ ಉತ್ತರ ಬಂದಿರಬೇಕು. ಏಕೆಂದರೆ, "ಇಲ್ಲ ಸಾರ್, ಈಗಲೇ ಬಂದು ನೋಡ್ಬೇಕು" ಎಂದು ಆಕೆ ಹೇಳಿದ್ದು ನನಗೆ ಕೇಳಿಸಿತು.

ವೈದ್ಯರು ಬಂದರು. ಎಕ್ಸ್‌ರೇ ತೆಗೆಸಿದಾಗ ಶ್ವಾಸಕೋಶಕ್ಕೆ ಸೋಂಕು ತಗಲಿದ್ದು ಗೊತ್ತಾಯಿತು. ಔಷಧವೂ ಆಮ್ಲಜನಕವೂ ಆ ರಾತ್ರಿಯೇ ಆರಂಭವಾದುವು, ತಾತ ಉಳಿದರು. ನಾನು ಕೇಳಿದ ಇಂಜೆಕ್ಷನ್ ಕೊಟ್ಟಿದ್ದರೆ ಗಲಾಟೆಯೇನೋ ನಿಲ್ಲುತ್ತಿತ್ತು. ಆದರೆ ಅದರಿಂದ ಉಸಿರಾಟ ಕುಂದುವ ಅಪಾಯವಿತ್ತು, ರೋಗವೂ ಬೆಳಗಿನವರೆಗೆ ನಿದ್ದೆಯ ಮರೆಯಲ್ಲಿ ಬೆಳೆಯುತ್ತಿತ್ತು.

ಆ ದಾದಿ ಅಂದು ಮಾಡಿದ್ದೇನು? ಕರುಣೆಯನ್ನು ತೋರಿದರು, ನಿಜ. ಆದರೆ ತಾತನನ್ನು ಉಳಿಸಿದ್ದು ಕರುಣೆಯೊಂದೇ ಅಲ್ಲ. ಅಮೆರಿಕದ ಶುಶ್ರೂಷಾ ವಿದ್ವಾಂಸರಾದ ಕ್ರಿಸ್ಟೀನ್ ಟ್ಯಾನರ್ ಅವರು 2006ರಲ್ಲಿ ದಾದಿಯ ವಿವೇಚನೆಯನ್ನು ನಾಲ್ಕು ಹೆಜ್ಜೆಗಳಾಗಿ ವಿವರಿಸಿದರು: ಗಮನಿಸುವುದು, ಅರ್ಥಮಾಡಿಕೊಳ್ಳುವುದು, ತಕ್ಕದ್ದನ್ನು ಮಾಡುವುದು, ಮಾಡಿದ್ದನ್ನು ಮತ್ತೆ ಪರಿಶೀಲಿಸುವುದು. ನಾನು ಕಂಡದ್ದು ಗಲಾಟೆಯನ್ನು, ಆಕೆ ಗಮನಿಸಿದ್ದು ಬದಲಾವಣೆಯನ್ನು. ವೃದ್ಧರಲ್ಲಿ ಸೋಂಕು ಜ್ವರವಿಲ್ಲದೆಯೂ ಬರಬಹುದು, ಹೊಸದಾಗಿ ತಲೆದೋರಿದ ಗಲಿಬಿಲಿಯೇ ಅದರ ಮೊದಲ ಕುರುಹಾಗಿರಬಹುದು ಎಂಬುದನ್ನು ಆಕೆ ಬಲ್ಲವರಾಗಿದ್ದರು.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯು 2012ರಲ್ಲಿ ಇಂಥ ಕುರುಹುಗಳಿಗೆ ಅಂಕ ಕೊಡುವ ಒಂದು ಪಟ್ಟಿಯನ್ನು ಹೊರತಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಿದಾಗ ಹೊಸದಾಗಿ ಉಂಟಾದ ಗಲಿಬಿಲಿಯನ್ನೂ ಸೇರಿಸಿ, ಅದಕ್ಕೆ 3 ಅಂಕವನ್ನಿಟ್ಟಿತು. ಒಟ್ಟು ಅಂಕ 7 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಕೂಡಲೇ ವೈದ್ಯರು ಬರಬೇಕು. ಆ ಪಟ್ಟಿಯಂತೆ ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಉಸಿರಿಗೆ 3, ಗಲಿಬಿಲಿಗೆ 3, ನಾಡಿಗೆ 2, ಆಮ್ಲಜನಕಕ್ಕೆ 1, ಒಟ್ಟು 9!

ಪಟ್ಟಿಯೇ ಇರುವಾಗ ವಿವೇಚನೆ ಏಕೆ ಎಂದು ಯಾರಾದರೂ ಕೇಳಬಹುದು. ಪಟ್ಟಿಗೆ ಕಣ್ಣಿಲ್ಲ. ಕರುವಿನ ಮಾತು ಮುದುಕರ ಎಂದಿನ ಹರಟೆಯಲ್ಲವೆಂದು ಯಾರಾದರೂ ವಿಚಾರಿಸಿ ತಿಳಿಯಬೇಕು. ಉಸಿರನ್ನು ಅಂದಾಜಿನಿಂದ ಬರೆಯದೆ ಯಾರಾದರೂ ನಿಂತು ಎಣಿಸಬೇಕು. ಹಾಗಾದರೆ ದಾದಿಯರು ವೈದ್ಯರ ಕೆಲಸಕ್ಕೆ ಕೈ ಹಾಕಬೇಕೆ ಎಂಬುದು ಇನ್ನೊಂದು ಆಕ್ಷೇಪ. ಹಾಗಲ್ಲ. ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸವೇ ಸರಿ. ಆದರೆ ವೈದ್ಯರು ರೋಗಿಯನ್ನು ಕಾಣುವುದು ಕೆಲವು ನಿಮಿಷ, ದಾದಿ ಕಾಣುವುದು ಇಡೀ ರಾತ್ರಿ. ವೈದ್ಯರನ್ನು ಯಾವ ಗಳಿಗೆಯಲ್ಲಿ ಎಬ್ಬಿಸಬೇಕು, ಅವರು ಹಿಂಜರಿದರೆ ಎಷ್ಟು ಗಟ್ಟಿಯಾಗಿ ನಿಲ್ಲಬೇಕು ಎಂಬ ತೀರ್ಮಾನ ದಾದಿಯದೇ. ರೋಗಿಯ ಪ್ರಾಣ ಎಷ್ಟೋ ವೇಳೆ ಆ ತೀರ್ಮಾನದ ಮೇಲೆ ನಿಂತಿರುತ್ತದೆ.

ಇಂಥ ವಿವೇಚನೆಗೆ ಬಿಡುವು ಬೇಕು, ವಿದ್ಯೆಯೂ ಬೇಕು. ಅಂದು ಆ ವಾರ್ಡಿನಲ್ಲಿ 40 ಮಂಚಗಳಿದ್ದುವು, ಇದ್ದ ದಾದಿಯರು ಇಬ್ಬರೇ. ಒಬ್ಬೊಬ್ಬ ರೋಗಿಯ ಉಸಿರನ್ನು ಒಂದೊಂದು ನಿಮಿಷ ಎಣಿಸಿದರೂ ಅದಕ್ಕೇ 40 ನಿಮಿಷ ಬೇಕು. ಲಿಂಡಾ ಐಕನ್ ಮತ್ತು ಸಂಗಡಿಗರು ಯೂರೋಪಿನ 9 ದೇಶಗಳ ಆಸ್ಪತ್ರೆಗಳನ್ನು ಅಭ್ಯಸಿಸಿ 2014ರಲ್ಲಿ ಪ್ರಕಟಿಸಿದ ವಿಷಯ ಇಲ್ಲಿ ನೆನೆಯತಕ್ಕದ್ದು. ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಗೊಳಗಾದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಏರುವುದು ಕಂಡುಬಂದಿತು. ಪದವೀಧರ ದಾದಿಯರ ಪ್ರಮಾಣ ಶೇಕಡ 10ರಷ್ಟು ಹೆಚ್ಚಿದಲ್ಲಿ ಅದು ಶೇಕಡ 7ರಷ್ಟು ಕಡಿಮೆಯಿತ್ತು. ಆದುದರಿಂದ ದಾದಿಯರ ಸಂಖ್ಯೆಯನ್ನೂ ವಿದ್ಯೆಯನ್ನೂ ಹೆಚ್ಚಿಸುವುದು ಅವರಿಗೆ ಮಾಡುವ ಉಪಕಾರವಲ್ಲ, ರೋಗಿಯ ಜೀವರಕ್ಷಣೆಯ ಪ್ರಶ್ನೆ. ನಮ್ಮ ದೇಶದಲ್ಲಿಯೂ 1947ರ ಶುಶ್ರೂಷಾ ಪರಿಷತ್ತಿನ ಕಾನೂನಿಗೆ ಬದಲಾಗಿ 2023ರಲ್ಲಿ ಹೊಸ ಕಾನೂನು ಅಂಗೀಕಾರವಾಯಿತು. ಆದರೆ ಕಾನೂನು ಬದಲಾದ ಮಾತ್ರಕ್ಕೆ ನಮ್ಮ ದೃಷ್ಟಿ ಬದಲಾಗುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಅವರ ವಿಷಯದಲ್ಲಿಯೂ ನಾವು ಮಾಡಿರುವುದು ಇದನ್ನೇ. ಕೈಯಲ್ಲಿ ದೀಪ ಹಿಡಿದ ಚಿತ್ರ ಶಾಲೆಯ ಮಕ್ಕಳಿಗೂ ಗೊತ್ತು. ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕವನ್ನು ಕಾರಣಗಳ ಸಮೇತ ಸರಕಾರದ ಮುಂದಿಟ್ಟ ಆಕೆ, ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯೂ ಆಗಿದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ದೀಪವನ್ನು ಉಳಿಸಿಕೊಂಡು ಲೆಕ್ಕವನ್ನು ಮರೆತೆವು.

ತಾತನನ್ನು ಮನೆಗೆ ಕರೆದೊಯ್ಯುವ ದಿನ ನಾನು ಆ ದಾದಿಯ ಕ್ಷಮೆ ಕೇಳಿದೆ. "ಬಿಡಪ್ಪ, ಮನೇಲಿ ಹೀಗೆ ಮಾತಾಡಲ್ಲ ಅಂತ ನೀನು ಹೇಳಿದ್ದೇ ಒಳ್ಳೇದಾಯ್ತು" ಎಂದು ನಕ್ಕರು. ಸಹಪಾಠಿಗಳೇ, ನಮ್ಮಲ್ಲಿ ಯಾರೂ ವೈದ್ಯರಾಗುವವರಲ್ಲ. ಆದರೆ ಒಂದಲ್ಲ ಒಂದು ದಿನ ನಾವೆಲ್ಲರೂ ಯಾರದೋ ಮಂಚದ ಪಕ್ಕದಲ್ಲಿ ಕೂರತಕ್ಕವರೇ. ಆಗ ರೋಗಿಯಲ್ಲಿ ಕಂಡ ಬದಲಾವಣೆಯನ್ನು ದಾದಿಗೆ ತಿಳಿಸೋಣ, ಅವರು ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರ ಕೊಡೋಣ. ಗಡಿಯಾರ ನೋಡುತ್ತ ಮಂಚದ ಬಳಿ ಸುಮ್ಮನೆ ನಿಂತ ದಾದಿಯನ್ನು ಕಂಡರೆ, ದಯವಿಟ್ಟು ಆ ಒಂದು ನಿಮಿಷ ಅವರನ್ನು ಮಾತನಾಡಿಸದಿರೋಣ.

— ದ್ವಿತೀಯ ಬಿ.ಎ. ವಿದ್ಯಾರ್ಥಿ