ಕೊನೆಯ ಓಟದ ಮರುದಿನ

ಕೋಣನ ಮುಂದೆ ಕಿನ್ನರಿ ನುಡಿಸಿದಂತೆ ಎಂಬ ಗಾದೆಯನ್ನು ಕಟ್ಟಿದವನು ಕರಾವಳಿಯ ಕಂಬಳವನ್ನು ಕಂಡಿರಲಾರ. ಕಂಡಿದ್ದರೆ, ವಾದ್ಯದ ಸದ್ದಿಗೆ ಕಿವಿ ನಿಮಿರಿಸಿ ಗತ್ತಿನಿಂದ ಕರೆಗಿಳಿಯುವ ಆ ಪ್ರಾಣಿಯನ್ನು ದಡ್ಡತನಕ್ಕೆ ಉಪಮಾನವಾಗಿಸಲು ಅವನ ನಾಲಗೆ ತಡವರಿಸುತ್ತಿತ್ತು. ನಾನು ಭೀಮಾತೀರದ ಅಫಜಲಪುರದವನು. ನಮ್ಮದು ಜೋಳದ ಎರೆನೆಲ. ಇಲ್ಲಿ ಕೆಸರುಗದ್ದೆಯೂ ಇಲ್ಲ, ಓಟದ ಕೋಣವೂ ಇಲ್ಲ. ಆದರೂ ಕಂಬಳದ ಋತು ಮುಗಿಯುವ ಹೊತ್ತಿಗೆ ಒಂದು ಮಾತು ಹೇಳಬೇಕೆನಿಸುತ್ತದೆ; ಅದು ನಮ್ಮ ಎತ್ತುಗಳಿಗೂ ಸಲ್ಲುವ ಮಾತು.

ಮೊದಲ ಬೆಳೆಯ ಕೊಯ್ಲಾದ ಮೇಲೆ ನವೆಂಬರಿನ ಸುಮಾರಿಗೆ ಆರಂಭವಾಗುವ ಈ ಓಟಗಳು ಚಳಿಗಾಲವನ್ನೆಲ್ಲ ವ್ಯಾಪಿಸಿ, ಬೇಸಗೆಯ ಬಿಸಿಲು ಬಲಿಯುವಾಗ ಮುಗಿಯುತ್ತವೆ. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ಅವುಗಳಲ್ಲಿ ಬಗೆಗಳುಂಟು. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಎಷ್ಟೆತ್ತರ ಚಿಮ್ಮಿತೆಂಬುದೇ ಮುಖ್ಯ. ಅಕ್ಕಪಕ್ಕದ ಎರಡು ಕರೆಗಳಿಗೆ ಜೋಡಿ ಹೆಸರಿಡುವುದು ಅಲ್ಲಿನ ವಾಡಿಕೆ: ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಕಕ್ಯಪದವಿನಲ್ಲಿ ಸತ್ಯ-ಧರ್ಮ. ಸೋತ ಕರೆಗೂ ಗೆದ್ದ ಕರೆಯಷ್ಟೇ ಮರ್ಯಾದೆಯ ಹೆಸರಿಟ್ಟ ಜನರ ಸಂಸ್ಕಾರ ಸಾಮಾನ್ಯವಾದುದಲ್ಲ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಪತ್ರಿಕೆಗಳು ಅದನ್ನು ನೂರು ಮೀಟರಿಗೆ ಇಳಿಸಿ, 9.55 ಸೆಕೆಂಡೆಂದು ಲೆಕ್ಕ ಹಾಕಿ, ಉಸೇನ್ ಬೋಲ್ಟರ 9.58ರ ದಾಖಲೆಯ ಪಕ್ಕದಲ್ಲಿಟ್ಟು ಕೊಂಡಾಡಿದವು. ಓಡಿದವರ ಸಾಹಸಕ್ಕೆ ಆ ಕೀರ್ತಿ ಸಲ್ಲತಕ್ಕದ್ದೇ. ಆದರೆ ಅವರ ಮುಂದೆ ಎಂಟು ಕಾಲುಗಳು ಓಡಿದ್ದವು ಎಂಬುದನ್ನು ನೆನೆದವರು ಎಷ್ಟು ಮಂದಿ?

ನ್ಯಾಯಾಲಯವು ನೆನೆದುದು ಆ ಕಾಲುಗಳನ್ನೇ. 2014ರಲ್ಲಿ ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಹಸಿವು, ನೋವು, ಭೀತಿಗಳಿಂದ ಮುಕ್ತವಾಗಿರುವುದು ಪ್ರಾಣಿಗಳಿಗೆ ಸಲ್ಲಬೇಕಾದ ಹಕ್ಕೆಂದು ಸಾರಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ನಮ್ಮ ರಾಜ್ಯವು ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ಕಂಬಳದೊಡನೆ ಎತ್ತಿನ ಓಟವೂ ಚಕ್ಕಡಿಯ ಓಟವೂ ಸೇರಿವೆ. ಆದುದರಿಂದಲೇ ಭೀಮಾತೀರದವನಿಗೂ ಈ ಚರ್ಚೆಯಲ್ಲಿ ಪಾಲುಂಟು.

ನನ್ನ ಬಾಲ್ಯದ ಒಂದು ಕಾರಹುಣ್ಣಿಮೆ ನೆನಪಾಗುತ್ತದೆ. ಬೆಳಿಗ್ಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಸವಣ್ಣನೆಂದು ಮನೆಮಂದಿಯೆಲ್ಲ ಕೈಮುಗಿದೆವು. ಸಂಜೆ ಕರಿ ಹರಿಯುವ ಹೊತ್ತಿಗೆ, ಬಿಳಿಯೆತ್ತು ಮುಂದೋ ಕಂದೆತ್ತು ಮುಂದೋ ಎಂಬ ಹುರುಪಿನಲ್ಲಿ ಬಾರಕೋಲು ಏಳುತ್ತಲೇ ಇತ್ತು. ರಾತ್ರಿ ಲಾಟೀನಿನ ಬೆಳಕಿನಲ್ಲಿ, ಬಣ್ಣದ ಕೆಳಗೆ ಎದ್ದ ಬಾಸುಂಡೆಗಳಿಗೆ ಅರಿಸಿನ-ಎಣ್ಣೆ ಸವರುತ್ತ ನಮ್ಮ ಆಯಿ ತಂದೆಯನ್ನು ಕೇಳಿದಳು: “ಮುಂಜಾನಿ ಕೈ ಮುಗದಿ, ಸಂಜೀಕ ಹೊಡದಿ. ಇದರಾಗ ಖರೇ ಯಾವುದಪಾ?” ತಂದೆ ಉತ್ತರಿಸಲಿಲ್ಲ. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕೋಣ ಸಾಕುವವರು ಇದಕ್ಕೆ ಹೇಳುವ ಉತ್ತರವೊಂದುಂಟು. ಹುರುಳಿ ಬೇಯಿಸಿ ತಿನ್ನಿಸಿ, ಮೈಗೆ ಎಣ್ಣೆ ನೀವಿ, ನೀರಿನಲ್ಲಿ ಈಜಿಸಿ ಮಕ್ಕಳಂತೆ ಸಾಕುವ ನಮಗೆ ಪಟ್ಟಣದವರು ದಯೆಯನ್ನು ಕಲಿಸಬೇಕೇ ಎಂದು ಅವರು ಕೇಳುತ್ತಾರೆ. ಆ ಆರೈಕೆ ಸುಳ್ಳಲ್ಲ. ಓಟ ನಿಂತರೆ ಇಷ್ಟು ಅಕ್ಕರೆಯಿಂದ ಕೋಣ ಸಾಕುವವರೂ ಉಳಿಯಲಾರರು. ಆದುದರಿಂದ ಓಟವನ್ನೇ ನಿಲ್ಲಿಸಬೇಕೆಂಬುದು ನನ್ನ ಪಕ್ಷವಲ್ಲ. ಆದರೆ ವರ್ಷವಿಡೀ ಉಣಿಸಿದ ಅನ್ನವು ಒಂದು ಗಳಿಗೆಯ ಪೆಟ್ಟಿಗೆ ಪರವಾನಗಿಯಾಗದು. ನೋವು ಕೊಡುವುದು ಸಾಕಿದವನ ಕೈಯಲ್ಲ, ಗೆಲುವಿನ ಆತುರ. ಆ ಆತುರಕ್ಕೆ ಸುತ್ತ ನಿಂತು ಕೇಕೆ ಹಾಕುವ ನಾವೂ ಹೊಣೆ.

ಋತು ಮುಗಿದಾಗ ಸಮಿತಿಗಳು ಗೆದ್ದ ಕೋಣಗಳ ಯಜಮಾನರನ್ನೂ ಓಡಿಸಿದವರನ್ನೂ ಸನ್ಮಾನಿಸುತ್ತವೆ. ಅದೇ ಸಭೆಯಲ್ಲಿ ಇನ್ನೊಂದು ಲೆಕ್ಕವನ್ನೂ ಓದಲಿ: ಎಷ್ಟು ಕೋಣಗಳಿಗೆ ಗಾಯವಾಯಿತು, ಪಶುವೈದ್ಯರು ಎಷ್ಟನ್ನು ಓಟದಿಂದ ಹಿಂತೆಗೆಸಿದರು, ಯಾವ ಕಂಬಳ ರಾತ್ರಿ ಕಳೆದು ಮರುದಿನಕ್ಕೆ ಎಳೆಯಿತು, ಹೊಡೆದವನಿಗೆ ಏನು ಶಿಕ್ಷೆಯಾಯಿತು. ಸೆಕೆಂಡಿನ ನೂರನೆಯ ಪಾಲನ್ನು ಅಳೆಯಬಲ್ಲವರಿಗೆ ಈ ಲೆಕ್ಕ ಕಷ್ಟವಾಗದು. ನಮ್ಮ ಕಡೆಯ ಜಾತ್ರೆಗಳಲ್ಲಿ ಚಕ್ಕಡಿ ಓಡಿಸುವವರೂ, ಯಾರೋ ಬಂದು ತಡೆಯುವ ಮುನ್ನವೇ, ತಾವಾಗಿ ಇಂಥ ಕಟ್ಟಳೆಯನ್ನು ಮಾಡಿಕೊಳ್ಳಲಿ.

ನ್ಯಾಯಾಲಯ ಅನುಮತಿ ಕೊಟ್ಟಿದೆ. ಆಯಿಯ ಪ್ರಶ್ನೆಗೆ ಉತ್ತರವನ್ನು ಮಾತ್ರ ನಾವೇ ಕೊಡಬೇಕು. ಕೊನೆಯ ಓಟದ ಮರುದಿನ, ಕೊಟ್ಟಿಗೆಯಲ್ಲಿ ಆ ಮೈಯನ್ನು ತಡವಿ ನೋಡುವಾಗ ಕೈಗೆ ಬಾಸುಂಡೆ ತಗಲದಿದ್ದರೆ, ಆ ವರ್ಷದ ಓಟ ನಿಜವಾಗಿ ಗೆದ್ದಂತೆ.