ಒಂದೇ ಡಬ್ಬಿಯ ಚಿನ್ನ, ಬೆಳ್ಳಿ

ಹತ್ತಿಯ ಬೆಳೆ ಕೈಹಿಡಿದ ವರ್ಷ ಒಂದೆರಡು ಗ್ರಾಮಿನ ಚಿನ್ನದ ನಾಣ್ಯವನ್ನೋ ಬೆಳ್ಳಿಯ ನಾಣ್ಯವನ್ನೋ ಕೊಂಡಿಡುವ ಮನೆಗಳು ಆದೋನಿ, ದೇವನಕೊಂಡ, ಪತ್ತಿಕೊಂಡದ ಕಡೆ ಉಂಟು. ಮಗಳ ಮದುವೆಗೆ, ಇಲ್ಲವೇ ಮಗನ ಕಾಲೇಜಿಗೆ ಎಂಬ ಲೆಕ್ಕ. ಅಜ್ಜಿಯ ಕಾಲದ ರಾಣಿ ಮುಖದ ರೂಪಾಯಿಗಳೂ ಅವುಗಳ ಜೊತೆ ಒಂದೇ ಡಬ್ಬಿಯಲ್ಲಿರುತ್ತವೆ. ಹೋದ ದೀಪಾವಳಿಗೆ ನಮ್ಮ ಮನೆಯ ಡಬ್ಬಿಯನ್ನು ತೆರೆದಾಗ ಬೆಳ್ಳಿಯ ನಾಣ್ಯಗಳೆಲ್ಲ ಮಾಸಿದ್ದವು. ಎರಡರ ಮೇಲಂತೂ ಅಳತೆ ಮಾಡಿ ಎಳೆದಂತೆ ಕಪ್ಪು ಗೆರೆ. ಚಿನ್ನದ ಪಕ್ಕದಲ್ಲಿಟ್ಟುದರಿಂದ ಹೀಗಾಯಿತೆಂದು ಹಿರಿಯರು ತೀರ್ಪಿತ್ತರು. ಅಪರಾಧಿ ಚಿನ್ನವಾಗಿರಲಿಲ್ಲ, ನಾಣ್ಯಗಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು.

ಶುದ್ಧ ಚಿನ್ನವನ್ನು ಗಾಳಿ, ನೀರು, ಮಣ್ಣು ಯಾವುದೂ ಕೆಡಿಸವು. ದೇವನಕೊಂಡಕ್ಕೆ ದಕ್ಷಿಣದಲ್ಲಿರುವ ಜೊನ್ನಗಿರಿಯೇ ಅಶೋಕನ ಶಾಸನಗಳ ಸುವರ್ಣಗಿರಿಯೆಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಯ ಕಲ್ಲಿನೊಳಗಿನ ಚಿನ್ನ ಯುಗಗಳು ಕಳೆದರೂ ಚಿನ್ನವಾಗಿಯೇ ಉಳಿದಿದೆ. ಬೆಳ್ಳಿಯ ಸ್ವಭಾವ ಬೇರೆ. ಗಾಳಿಯಲ್ಲಿರುವ ಅತ್ಯಲ್ಪ ಗಂಧಕದ ಅನಿಲವೂ ಅದರೊಡನೆ ಸೇರಿ ಬೆಳ್ಳಿಯ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ರಬ್ಬರು, ಉಣ್ಣೆ, ಕೆಲವು ಬಗೆಯ ರಟ್ಟು, ಸುದ್ದಿಕಾಗದ ಇವುಗಳಲ್ಲೆಲ್ಲ ಗಂಧಕದ ಅಂಶವಿರಬಹುದು. ಆದುದರಿಂದ ಡಬ್ಬಿಯ ತಳಕ್ಕೆ ಹಳೆಯ ಪತ್ರಿಕೆಯನ್ನು ಹಾಸಬಾರದು. ಈ ಪತ್ರಿಕೆಗೂ ಆ ಮಾತು ಅನ್ವಯಿಸುತ್ತದೆ.

ಹಾಗಾದರೆ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬಹುದೇ? ಇಡಬಹುದು, ಆದರೆ ಒಂದಕ್ಕೊಂದು ತಾಗದಂತೆ. 24 ಕ್ಯಾರೆಟ್ಟಿನ ಚಿನ್ನ ಬಹಳ ಮೆದು. ಡಬ್ಬಿ ಕುಲುಕಿದಾಗಲೆಲ್ಲ ಅದರ ಮೇಲೆ ಗೀರು ಬೀಳುತ್ತದೆ. ತೇವವೂ ಉಪ್ಪಿನಂಶವೂ ಇದ್ದರೆ ಎರಡು ಲೋಹಗಳ ಸ್ಪರ್ಶದಿಂದ ಬೆಳ್ಳಿ ಇನ್ನಷ್ಟು ಬೇಗ ಕೆಡುತ್ತದೆ, ಅದರ ಕಪ್ಪು ಚಿನ್ನದ ಮೈಗೂ ಹರಡಬಲ್ಲದು. ಪ್ರತಿ ನಾಣ್ಯಕ್ಕೂ ಬೇರೆ ಪಾಲಿಥೀನ್ ಚೀಲವಿದ್ದರೆ ಸಾಕು. ವಾಸನೆ ಬೀರುವ ಮೆತ್ತನೆಯ ಪಿವಿಸಿ ಚೀಲ ಬೇಡ. ಅಂಗಡಿಯವರು ಮುಚ್ಚಿ ಕೊಟ್ಟ ಪೊಟ್ಟಣವನ್ನು ಒಡೆಯದಿರುವುದೇ ಒಳ್ಳೆಯದು. ತೇವ ಹೀರಲು ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣವೊಂದನ್ನು ಇಡಬಹುದು. ಅದು ಸಿಗದಿದ್ದರೆ ಮಕ್ಕಳ ಚೀಲದಲ್ಲಿ ಸಿಗುವ ಒಣಗಿದ ಸೀಮೆಸುಣ್ಣದ ತುಂಡೂ ಅಷ್ಟಿಷ್ಟು ನೆರವಾಗುತ್ತದೆ.

ಲಕ್ಷ್ಮೀಪೂಜೆಗೆ ಇಟ್ಟ ನಾಣ್ಯಕ್ಕೆ ಹಾಲು, ಅರಿಶಿನ, ಕುಂಕುಮಗಳೆಲ್ಲ ಅಂಟಿರುತ್ತವೆ. ಅದನ್ನು ಶುದ್ಧ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ, ಪೂರ್ತಿ ಒಣಗಿದ ಮೇಲೆಯೇ ಒಳಗಿಡಬೇಕು. ವಿಭೂತಿ, ಹುಣಿಸೆಹಣ್ಣು, ಹಲ್ಲುಪುಡಿಗಳಿಂದ ತಿಕ್ಕುವುದು ಪಾತ್ರೆಗೆ ಸರಿಯೇ ಹೊರತು ನಾಣ್ಯಕ್ಕಲ್ಲ. ರಾಣಿ ವಿಕ್ಟೋರಿಯಾಳ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ನೂರಕ್ಕೆ ಸುಮಾರು 92 ಪಾಲು. 1940ರ ನಂತರ ಅಚ್ಚಾದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರದು ಬರಿಯ ನಿಕ್ಕಲ್. ಇಂತಹ ಹಳೆಯ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚಿನ ಬೆಲೆ ಬರುವುದಿದ್ದರೆ ಅದು ಅಚ್ಚು ಸವೆಯದ ನಾಣ್ಯಕ್ಕೆ. ತಿಕ್ಕಿ ಬೆಳಗಿಸಿದ ನಾಣ್ಯವನ್ನು ಸಂಗ್ರಾಹಕರು ಕಡಿಮೆಗೆ ಕೇಳುತ್ತಾರೆ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಬ್ಯಾಂಕಿನ ಲಾಕರಿನಲ್ಲಿಟ್ಟವರೂ ಒಂದು ಸಂಗತಿಯನ್ನು ತಿಳಿದಿರಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ಕಟ್ಟಡದ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಬಾಡಿಗೆ 2,000 ರೂಪಾಯಿಯಾದರೆ ಎರಡು ಲಕ್ಷ. ಒಳಗೆ ಏನಿತ್ತೆಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ. ನಾಮಿನಿಯ ಹೆಸರನ್ನು ಬರೆಸದೆ ಯಜಮಾನ ತೀರಿಕೊಂಡರೆ ಆತನ ಹೆಂಡತಿ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ನಮ್ಮ ಮನೆಯಲ್ಲಿ ಈಗ ಏಳನೆಯ ತರಗತಿಯ ಹುಡುಗಿಯೇ ಪಟ್ಟಿಯನ್ನು ಬರೆದಿದ್ದಾಳೆ: ನಾಣ್ಯದ ತೂಕ, ಶುದ್ಧತೆ, ಕೊಂಡ ದಿನ, ಬಿಲ್ಲಿನ ಸಂಖ್ಯೆ. ಪ್ರತಿಯೊಂದರ ಎರಡೂ ಬದಿಯ ಚಿತ್ರವನ್ನು ಫೋನಿನಲ್ಲಿ ತೆಗೆದದ್ದಾಯಿತು. ಪಟ್ಟಿಯ ಒಂದು ಪ್ರತಿ ಕನ್ನಡದಲ್ಲಿ, ಇನ್ನೊಂದು ಇಲ್ಲಿಯ ಕಚೇರಿಗಳಿಗೆಂದು ತೆಲುಗಿನಲ್ಲಿ. ಎರಡನ್ನೂ ಡಬ್ಬಿಯಲ್ಲಿಡದೆ ಮನೆಪತ್ರಗಳ ಜೊತೆ ಇಟ್ಟಿದ್ದೇವೆ.